ಅಕ್ಕಾದೇವಿಯ ಬೀಡು, ಆಟದ ಲೆಕ್ಕ

2018ರ ಸೆಪ್ಟೆಂಬರಿನಲ್ಲಿ ‘ಟೋಟಲ್ ವಾರ್: ರೋಮ್ 2’ ಎಂಬ ಕಂಪ್ಯೂಟರ್ ಆಟದ ಸುತ್ತ ದೊಡ್ಡ ಗಲಾಟೆ ಎದ್ದಿತು. 2013ರಲ್ಲಿ ಬಂದ ಆಟ ಅದು. ಹಳೆಯ ರಾಜ್ಯವೊಂದನ್ನು ಆರಿಸಿಕೊಂಡು, ದಂಡು ಕಟ್ಟಿ, ಕೋಟೆ ಗೆದ್ದು, ಭೂಪಟವನ್ನು ತನ್ನ ಬಣ್ಣಕ್ಕೆ ತಿರುಗಿಸುವುದು ಆಟಗಾರನ ಕೆಲಸ. ತಯಾರಿಸಿದ ಕ್ರಿಯೇಟಿವ್ ಅಸೆಂಬ್ಲಿ ಕಂಪನಿ ಐದು ವರ್ಷದ ಮೇಲೆ ಅದಕ್ಕೆ ಹೆಣ್ಣು ದಂಡನಾಯಕರನ್ನೂ ಸೇರಿಸಿತು. ಇತಿಹಾಸ ಕೆಟ್ಟಿತೆಂದು ಒಂದು ಗುಂಪು ಸಿಟ್ಟಾಯಿತು, ಇಷ್ಟು ದಿನ ಮುಚ್ಚಿಟ್ಟದ್ದು ಈಗ ಹೊರಬಂತೆಂದು ಇನ್ನೊಂದು ಗುಂಪು ಹಿಗ್ಗಿತು. ಕಂಪನಿ ಅಂಕಿಗಳನ್ನು ಮುಂದಿಟ್ಟಿತು: ರೋಮ್, ಕಾರ್ತೇಜ್, ಗ್ರೀಕ್ ರಾಜ್ಯಗಳಲ್ಲಿ ಹೆಣ್ಣು ದಂಡನಾಯಕರು ಸಿಗುವುದಿಲ್ಲ, ಕೆಲವು ರಾಜ್ಯಗಳಲ್ಲಿ ಸಿಗುವ ಸಂಭವ ನೂರಕ್ಕೆ 10ರಿಂದ 15, ಆಫ್ರಿಕದ ಕುಷ್ ರಾಜ್ಯದಲ್ಲಿ 50. ಜಗಳವಾಡಿದವರೂ ಸಮಾಧಾನ ಹೇಳಿದವರೂ ಒಂದು ಮಾತನ್ನು ಮಾತ್ರ ತಕರಾರಿಲ್ಲದೆ ಒಪ್ಪಿಕೊಂಡಿದ್ದರು. ಇದು ಎಣಿಕೆಯ ಪ್ರಶ್ನೆ, ನೂರಕ್ಕೆ ಎಷ್ಟು ಎಂದು ಗೊತ್ತಾದರೆ ಇತಿಹಾಸ ನೆಟ್ಟಗಾಗುತ್ತದೆ ಎಂಬ ಮಾತು. ದಖ್ಖನಿನ ಮಧ್ಯಯುಗದ ಶಾಸನಗಳನ್ನು ಓದುತ್ತ ಹೋದರೆ ಈ ಲೆಕ್ಕವೇ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಹೆಣ್ಣೊಬ್ಬಳು ದಂಡಿನ ಮುಂದೆ ಬಂದು ನಿಲ್ಲುವುದು ಪಗಡೆಯ ದಾಳ ಬಿದ್ದ ಹಾಗೆ ಅಲ್ಲ. ನಾಡಿನ ಅಧಿಕಾರ ಯಾರದೋ ದಂಡೂ ಅವರದು. ಆ ಅಧಿಕಾರ ಹೆಣ್ಣಿನ ಕೈಗೆ ಬರಲು ಮಗಳಾಗಿ, ತಂಗಿಯಾಗಿ, ರಾಣಿಯಾಗಿ, ವಿಧವೆಯಾಗಿ ಕೆಲವು ಗೊತ್ತಾದ ದಾರಿಗಳಿದ್ದವು. ಆ ದಾರಿಗಳನ್ನು ತೋರಿಸದ ಆಟ ಹೆಂಗಸರನ್ನು ಸೇರಿಸಿದರೂ ತಪ್ಪು, ಕೈಬಿಟ್ಟರೂ ತಪ್ಪು.

ಈ ಮಾತನ್ನು ಒರೆಗೆ ಹಚ್ಚಲು ಮರಾಠವಾಡದ ಅಂಚಿನ ಕನ್ನಡ ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಭೂಪಟ ಬಿಚ್ಚಿ ನೋಡಿದರೆ ಪಶ್ಚಿಮದಲ್ಲಿ ನಳದುರ್ಗ, ನಡುವೆ ದಾಳಿಂಬ, ಉಮರ್ಗಾದ ಸೀಮೆ, ಪೂರ್ವಕ್ಕೆ ಬಸವಕಲ್ಯಾಣ, ಅದರಾಚೆ ಬೀದರ, ಎಲ್ಲ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬೀಳುತ್ತವೆ. ಉತ್ತರಕ್ಕೆ ನಿಲಂಗಾ, ಉದಗೀರ. ನಿಲಂಗಾ, ಉದಗೀರಗಳು 1956ರವರೆಗೂ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲೂಕುಗಳು. ಭಾಷಾವಾರು ಪ್ರಾಂತ ರಚನೆಯಲ್ಲಿ ಉಸ್ಮಾನಾಬಾದಿಗೆ ಹೋಗಿ, 1982ರಲ್ಲಿ ಹೊಸ ಲಾತೂರ ಜಿಲ್ಲೆಗೆ ಸೇರಿದವು. ಈಗಿನ ರಾಜ್ಯದ ಗಡಿ ಆ ಕಾಲಕ್ಕೆ ಇರಲಿಲ್ಲ. 11ನೆಯ ಶತಮಾನದಲ್ಲಿ ಇದು ಕಲ್ಯಾಣದ ಚಾಲುಕ್ಯರ ಮನೆಯಂಗಳ. 13ನೆಯದರಲ್ಲಿ ದೇವಗಿರಿಯ ಸೇವುಣರೂ ಓರುಗಲ್ಲಿನ ಕಾಕತೀಯರೂ ಎದುರುಬದುರಾಗಿ ನಿಂತ ನೆಲ. 16ನೆಯದರಲ್ಲಿ ವಿಜಯಪುರ ಮತ್ತು ಅಹಮದನಗರ ನಳದುರ್ಗಕ್ಕಾಗಿ ಹೊಡೆದಾಡಿದ ಗಡಿ. ಮೂರು ಕಾಲಕ್ಕೂ ಒಬ್ಬೊಬ್ಬ ಹೆಣ್ಣು ದಂಡಿನ ಸಂಬಂಧದಲ್ಲಿ ದಾಖಲೆಗೆ ಬಂದಿದ್ದಾಳೆ.

ಮೊದಲನೆಯವಳು ಅಕ್ಕಾದೇವಿ. ಚಾಲುಕ್ಯ ದಶವರ್ಮ, ಭಾಗಲದೇವಿಯರ ಮಗಳು, ಐದನೆಯ ವಿಕ್ರಮಾದಿತ್ಯ ಹಾಗೂ ಇಮ್ಮಡಿ ಜಯಸಿಂಹರ ಸೋದರಿ, ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡ ಒಂದನೆಯ ಸೋಮೇಶ್ವರನಿಗೆ ಸೋದರತ್ತೆ. 1010ರಷ್ಟು ಹಿಂದೆಯೇ ಆಕೆಯ ಹೆಸರು ಶಾಸನದಲ್ಲಿ ಬರುತ್ತದೆ. ಪಟ್ಟದಕಲ್ಲಿನ ಸುತ್ತಣ ಕಿಸುಕಾಡು-70ನ್ನು ಆಕೆ ಆಳಿದಳು. ಇಂದಿನ ಬಾಗಲಕೋಟೆ ಜಿಲ್ಲೆಯ ಅರಸಿಬೀಡಿ ಆಗ ವಿಕ್ರಮಪುರ. ಅದೇ ಆಕೆಯ ನೆಲೆವೀಡು. ಗುಣದ ಬೆಡಂಗಿ, ಏಕವಾಕ್ಯೆ ಎಂಬ ಬಿರುದುಗಳಿದ್ದವು. 1022ರ ಸುಮಾರಿನ ಶಾಸನ ಆಕೆಯನ್ನು ರಣದಲ್ಲಿ ಭೈರವಿ ಎಂದು ಹೊಗಳುತ್ತದೆ. ಹೆಚ್ಚಿನ ಬರಹಗಳು ಈ ಹೊಗಳಿಕೆಯನ್ನೇ ಎತ್ತಿ ಹಿಡಿದು ವೀರವನಿತೆ ಎಂದು ಮುಗಿಸಿಬಿಡುತ್ತವೆ. ನನ್ನ ಮಟ್ಟಿಗೆ ಅದು ಆಕೆಯ ಬಗೆಗಿನ ಅತ್ಯಂತ ದುರ್ಬಲ ಸಾಕ್ಷಿ. ಪ್ರಶಸ್ತಿ ಬರೆಯುವ ಕವಿಗೆ ದತ್ತಿ ಕೊಟ್ಟವರನ್ನು ಹೊಗಳುವುದೇ ಉದ್ಯೋಗ. ಗಂಡಸಾದರೆ ಭೀಮ, ಅರ್ಜುನ, ಹೆಂಗಸಾದರೆ ಭೈರವಿ, ಸೀತೆ. ಗಟ್ಟಿ ಸಾಕ್ಷಿ ಇರುವುದು ಅರಸಿಬೀಡಿಯ 1047ರ ಶಾಸನದಲ್ಲಿ, ಅದೂ ಹೊಗಳಿಕೆಯ ಭಾಗದಲ್ಲಲ್ಲ, ಲೆಕ್ಕದ ಭಾಗದಲ್ಲಿ. ವಿಕ್ರಮಪುರದ ಬಸದಿಗೆ ದತ್ತಿ ಬಿಡುವಾಗ ಅಕ್ಕಾದೇವಿ ಎಲ್ಲಿದ್ದಳು ಎಂದು ಹೇಳಬೇಕು. ಗೋಕಗೆಯ ಕೋಟೆಗೆ, ಅಂದರೆ ಇಂದಿನ ಗೋಕಾಕಕ್ಕೆ, ಮುತ್ತಿಗೆ ಹಾಕಿ ಬೀಡು ಬಿಟ್ಟಿದ್ದಳು ಎಂದು ಶಾಸನ ದಾಖಲಿಸುತ್ತದೆ. ಇದು ಮೆಚ್ಚಿಸಲು ಬರೆದ ಮಾತಲ್ಲ. ಇಂದಿನ ಕಾಗದಪತ್ರದ ತಲೆಯ ಮೇಲೆ ಊರು, ತಾರೀಕು ಹಾಕಿದ ಹಾಗೆ. ಕರಣಿಕನಿಗೆ ಅದರಲ್ಲಿ ಅಚ್ಚರಿ ಇಲ್ಲ, ಹೆಣ್ಣಾಗಿಯೂ ಮುತ್ತಿಗೆ ಹಾಕಿದಳು ಎಂಬ ಉದ್ಗಾರವಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಈ ಉದಾಸೀನವೇ ಚಿನ್ನ. ನಡೆದದ್ದು ವಿಶೇಷವಾಗಿದ್ದರೆ ವಿಶೇಷವೆಂದು ಬರೆಯುತ್ತಿದ್ದರು.

ಇಲ್ಲಿ ವಯಸ್ಸಿನ ಲೆಕ್ಕವನ್ನೂ ಮಾಡಬೇಕು. 1010ರಲ್ಲಿಯೇ ಶಾಸನದಲ್ಲಿ ಹೆಸರು ಪಡೆದವಳು 1047ರಲ್ಲಿ ಹುಡುಗಿಯಾಗಿರಲು ಸಾಧ್ಯವಿಲ್ಲ. ಐವತ್ತು ದಾಟಿದ, ಮಗ ತೋಯಿಮದೇವನೂ ಅಧಿಕಾರಕ್ಕೆ ಬರುವ ವಯಸ್ಸಿನ ಹೆಂಗಸು. ಆಟಗಳ ಚಿತ್ರಕಾರರು ಬರೆಯುವ ವೀರನಾರಿ ಮಾತ್ರ ಎಂದಿಗೂ ಇಪ್ಪತ್ತೈದು ದಾಟುವುದಿಲ್ಲ, ಕವಚವೂ ದರ್ಜಿ ಅಳತೆ ತೆಗೆದು ಹೊಲಿದಂತಿರುತ್ತದೆ. ಮುತ್ತಿಗೆಗೆ ಬೇಕಾದದ್ದು ತೋಳಿನ ಬಲಕ್ಕಿಂತ ಹೆಚ್ಚಾಗಿ ತಿಂಗಳುಗಟ್ಟಲೆ ದವಸ ಒದಗಿಸುವ ಶಕ್ತಿ, ಸುತ್ತಲಿನ ಗಾವುಂಡರನ್ನು ಹಿಡಿದಿಡುವ ಮಾತು, ಸೋತರೆ ಹೊಣೆ ಹೊರುವ ಹೆಸರು. ಅರಮನೆಯ ಹಿರಿಯ ಅತ್ತೆಗೆ ಇವೆಲ್ಲ ಇದ್ದವು. ಗೋಕಾಕದ ಮುತ್ತಿಗೆಗೆ ತುಸು ಮೊದಲು, 1046ರ ಸುಮಾರಿಗೆ, ದೂರದ ಇಟಲಿಯಲ್ಲಿ ಮಟಿಲ್ಡಾ ಎಂಬ ಹೆಣ್ಣುಮಗು ಹುಟ್ಟಿತ್ತು. ತಂದೆಯ ಟಸ್ಕನಿ ಸೀಮೆಗೆ ವಾರಸುದಾರಳಾಗಿ, ಜರ್ಮನ್ ಸಾಮ್ರಾಟ ನಾಲ್ಕನೆಯ ಹೆನ್ರಿಯ ವಿರುದ್ಧ ಪೋಪರ ಪರವಾಗಿ ವರ್ಷಾನುಗಟ್ಟಲೆ ಯುದ್ಧ ನಡೆಸಿದವಳು ಆಕೆ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯುವ ಹಾಗಿರಲಿಲ್ಲ. ಆದರೆ ದಂಡು ಕೈಗೆ ಬಂದ ಬಗೆ ಒಂದೇ, ಭೂಮಿಯ ಜೊತೆಗೆ ಬಂತು.

ಭೂಮಿಯ ಜೊತೆಗೆ ಎಂದದ್ದನ್ನು ಸ್ವಲ್ಪ ಬಿಡಿಸಬೇಕು. ಕಿಸುಕಾಡು-70, ಬನವಾಸಿ-12000 ಎಂದು ಸಂಖ್ಯೆ ಹಚ್ಚಿದ ನಾಡುಗಳು ಬರಿಯ ಹೆಸರಲ್ಲ, ಆಡಳಿತದ ಘಟಕಗಳು. ನಾಡನ್ನು ಪಡೆದವರು ಅದರ ಸಿದ್ಧಾಯ ಎಂಬ ತೆರಿಗೆ ಎತ್ತಬೇಕು, ನ್ಯಾಯ ಹೇಳಬೇಕು, ಚಕ್ರವರ್ತಿ ಕರೆದಾಗ ಆಳು ಕುದುರೆ ಕೊಡಬೇಕು, ಒಳಗೆ ಯಾರಾದರೂ ತಿರುಗಿಬಿದ್ದರೆ ಅಡಗಿಸಬೇಕು. ಈ ನಾಡುಗಳನ್ನು ಚಾಲುಕ್ಯರು ರಾಣಿಯರಿಗೂ ಕೊಡುತ್ತಿದ್ದರು. ಸೋಮೇಶ್ವರನ ರಾಣಿ ಮೈಲಲದೇವಿ 1053ರಲ್ಲಿ ಬನವಾಸಿ-12000ನ್ನು ಆಳುತ್ತಿದ್ದಳು. ಇನ್ನೊಬ್ಬ ರಾಣಿ ಕೇತಲದೇವಿ 1054ರಲ್ಲಿ ಪೊನ್ನವಾಡದ ಅಗ್ರಹಾರವನ್ನು ನೋಡಿಕೊಳ್ಳುತ್ತಿದ್ದಳು. ಅದಕ್ಕೂ ಹಿಂದೆ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ-70ರ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಹುದ್ದೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರು. ಬಂದಳಿಕೆಯ ಶಾಸನ ಆಕೆಯ ಆಡಳಿತದ ಜಾಣ್ಮೆಯನ್ನೂ ಪರಾಕ್ರಮವನ್ನೂ ಹೊಗಳಿ, ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಸಲ್ಲೇಖನದಿಂದ ದೇಹ ಬಿಟ್ಟಳೆನ್ನುತ್ತದೆ. ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಮಗಳಿಗೆ! ಇವರೆಲ್ಲ ಯುದ್ಧಕ್ಕೆ ಹೋದರು ಎಂದು ನಾನು ಹೇಳುತ್ತಿಲ್ಲ. ಮೈಲಲದೇವಿ ಕುದುರೆ ಹತ್ತಿದಳೆನ್ನಲು ಆಧಾರವಿಲ್ಲ. ಯುದ್ಧ ಬಂದರೆ ಅದನ್ನು ನಡೆಸುವ ಹೊಣೆ ಬೀಳುವ ಜಾಗದಲ್ಲಿ ಅವರು ಕುಳಿತಿದ್ದರು, ಅಷ್ಟೆ. ಅಕ್ಕಾದೇವಿಗೆ ಯುದ್ಧ ಬಂತು.

ಈಗ ಆಟಗಳ ಕಡೆ ತಿರುಗೋಣ. 2006ರ ‘ಮೆಡೀವಲ್ 2: ಟೋಟಲ್ ವಾರ್’ ಆಟ ಶುರುವಾಗುವುದು 1080ರಲ್ಲಿ, ಅಂದರೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಹೊತ್ತಿಗೆ. ಅದರಲ್ಲಿ ರಾಜಕುಮಾರಿಯರಿದ್ದಾರೆ, ಸಂಧಾನಕ್ಕೆ ಹೋಗುತ್ತಾರೆ, ಮದುವೆಯಾಗುತ್ತಾರೆ, ದಂಡು ಮಾತ್ರ ನಡೆಸುವಂತಿಲ್ಲ. 1999ರ ‘ಏಜ್ ಆಫ್ ಎಂಪೈರ್ಸ್ 2’ರಲ್ಲಿ ಹೊಲ ಉಳುವ, ಕಟ್ಟಿಗೆ ಕಡಿಯುವ ಊರಿನವರಲ್ಲಿ ಗಂಡೂ ಇದ್ದಾರೆ, ಹೆಣ್ಣೂ ಇದ್ದಾರೆ, ದುಡಿಮೆಯಲ್ಲಿ ಎಳ್ಳಷ್ಟೂ ಭೇದವಿಲ್ಲ, ಬಿಲ್ಲುಗಾರರ ಮನೆಯಿಂದ, ಕುದುರೆ ಲಾಯದಿಂದ ಹೊರಬರುವವರೆಲ್ಲ ಗಂಡಸರು, ಇದಕ್ಕೆ ಹೊರತಾಗಿ ಒಬ್ಬಳೇ ಒಬ್ಬಳು ಜೋನ್ ಆಫ್ ಆರ್ಕ್, ಪವಾಡದ ಹಾಗೆ. ಅದೇ ಆಟಕ್ಕೆ 2022ರಲ್ಲಿ ಭಾರತದ ರಾಜವಂಶಗಳ ಕಂತು ಬಂದಾಗ ಚೋಳ ರಾಜೇಂದ್ರನಿಗೆ ಒಂದು ಇಡೀ ದಂಡಯಾತ್ರೆ ಸಿಕ್ಕಿತು. ರಾಜೇಂದ್ರನ ಎದುರಾಳಿ ಜಯಸಿಂಹನ ಸೋದರಿ ಅಕ್ಕಾದೇವಿಗೆ ಒಂದು ಬೊಂಬೆಯೂ ಸಿಗಲಿಲ್ಲ. ‘ಕ್ರುಸೇಡರ್ ಕಿಂಗ್ಸ್ 3’ ಇವುಗಳಿಗಿಂತ ಒಂದು ಹೆಜ್ಜೆ ಮುಂದೆ. ಅದರ ಭೂಪಟದಲ್ಲಿ ದಖ್ಖನಿದೆ, 1066ರಲ್ಲಿ ಆಟ ತೆರೆದರೆ ಸೋಮೇಶ್ವರನೇ ಎದುರಿಗೆ ಬರುತ್ತಾನೆ. ಅಲ್ಲಿ ಹೆಣ್ಣು ದಂಡನಾಯಕಿಯಾಗಬಹುದೇ ಎಂಬುದನ್ನು ಆಯಾ ಧರ್ಮಕ್ಕೆ, ಸಂಸ್ಕೃತಿಗೆ ಹಚ್ಚಿದ ನಿಯಮವೂ ಆಟಗಾರ ಮೊದಲೇ ಆರಿಸುವ ಸೂತ್ರವೂ ತೀರ್ಮಾನಿಸುತ್ತವೆ. ಮನೆತನ, ವಾರಸು, ಮದುವೆ ಇವುಗಳ ಮೇಲೆಯೇ ನಿಂತ ಆಟ ಅದಾದ್ದರಿಂದ ಸರಿಯಾದ ಉತ್ತರಕ್ಕೆ ಅತಿ ಹತ್ತಿರ ಬಂದಿದೆ ಎನ್ನಬೇಕು. ಆದರೂ ಬಾಗಿಲಿಗೆ ಬೀಗ ಹಾಕುವುದು ಅಥವಾ ಪೂರಾ ತೆಗೆದಿಡುವುದು, ಈ ಎರಡೇ ಬಗೆ. ಒಂದೇ ಧರ್ಮದ, ಒಂದೇ ಮನೆತನದ ಒಳಗೆ ಮೈಲಲದೇವಿ ಆಳುತ್ತಾಳೆ, ಅಕ್ಕಾದೇವಿ ಮುತ್ತುತ್ತಾಳೆ, ಉಳಿದ ನೂರಾರು ಹೆಂಗಸರು ಅಂತಃಪುರ ದಾಟುವುದಿಲ್ಲ ಎಂಬ ವ್ಯತ್ಯಾಸಕ್ಕೆ ಧರ್ಮ ಕಾರಣವಲ್ಲ, ಕೈಯಲ್ಲಿರುವ ನಾಡು ಕಾರಣ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಮುತ್ತಿಗೆ ಅಕ್ಕಾದೇವಿಯ ಹೆಸರಿನಲ್ಲಿ ನಡೆದಿರಬಹುದು, ನಡೆಸಿದವನು ಯಾರೋ ದಂಡನಾಯಕ; ಆಕೆ ಡೇರೆಯಲ್ಲಿ ಕುಳಿತಿದ್ದಿರಬಹುದು. ಇರಬಹುದು. ಆದರೆ ಈ ಪ್ರಶ್ನೆಯನ್ನು ಸೋಮೇಶ್ವರನಿಗೆ ಯಾರೂ ಕೇಳುವುದಿಲ್ಲ. ಅವನು ಮಾಳವದ ಧಾರಾನಗರವನ್ನು ಗೆದ್ದ ಎಂದು ಓದಿದಾಗ ಕೈಯಾರೆ ಕತ್ತಿ ಹಿಡಿದನೋ, ದಂಡನಾಯಕರನ್ನು ಕಳಿಸಿದನೋ ಎಂದು ತಕರಾರು ತೆಗೆಯದೆ ಗೆಲುವನ್ನು ಅವನ ಲೆಕ್ಕಕ್ಕೆ ಬರೆಯುತ್ತೇವೆ. ಆಟಗಳೂ ಹಾಗೆಯೇ ಬರೆಯುತ್ತವೆ. ಮಧ್ಯಯುಗದಲ್ಲಿ ದಂಡು ನಡೆಸುವುದೆಂದರೆ ಬಹುಮಟ್ಟಿಗೆ ಡೇರೆಯಲ್ಲಿ ಕುಳಿತು ಆಜ್ಞೆ ಕೊಡುವುದೇ. ಅಳತೆಗೋಲು ಒಂದೇ ಇರಲಿ ಎನ್ನುವುದಷ್ಟೆ ನನ್ನ ವಾದ.

ಈ ಅಳತೆಗೋಲಿನ ಜಗಳ 13ನೆಯ ಶತಮಾನದಲ್ಲಿಯೇ ನಡೆದಿತ್ತು. ನಮ್ಮ ಎರಡನೆಯವಳು ರುದ್ರಮದೇವಿ. ಓರುಗಲ್ಲಿನ ಗಣಪತಿದೇವ ಮಗಳಾದ ಆಕೆಯನ್ನು ಉತ್ತರಾಧಿಕಾರಿ ಮಾಡಿದ. ಆಕೆ 1262ರ ಸುಮಾರಿಗೆ ಪೂರ್ಣ ಅಧಿಕಾರಕ್ಕೆ ಬಂದು 1289ರವರೆಗೆ ಆಳಿದಳು. ಶಾಸನಗಳಲ್ಲಿ ರುದ್ರದೇವ ಮಹಾರಾಜ ಎಂಬ ಗಂಡು ಹೆಸರೂ ಆಕೆಗಿದೆ. ದೇವಗಿರಿಯ ಸೇವುಣ ಮಹಾದೇವನಿಗೂ ಆಕೆಗೂ ಯುದ್ಧವಾಯಿತು. ಮಹಾದೇವನ ಮಂತ್ರಿ ಹೇಮಾದ್ರಿ ತನ್ನ ‘ವ್ರತಖಂಡ’ದಲ್ಲಿ ಹೇಳುವ ಪ್ರಕಾರ ಅವನ ಒಡೆಯ ತೆಲುಗು ಅರಸರ ಆನೆಗಳನ್ನು ಕಿತ್ತುಕೊಂಡ, ಹೆಣ್ಣನ್ನು ಕೊಲ್ಲಬಾರದೆಂದು ರುದ್ರಮೆಯನ್ನು ಬಿಟ್ಟುಬಿಟ್ಟ. ತೆಲುಗಿನ ‘ಪ್ರತಾಪರುದ್ರ ಚರಿತ್ರ’ ಹೇಳುವುದು ಇದರ ತದ್ವಿರುದ್ಧ: ರುದ್ರಮೆಯೇ ಮಹಾದೇವನನ್ನು ದೇವಗಿರಿಯವರೆಗೆ ಅಟ್ಟಿಸಿಕೊಂಡು ಹೋಗಿ ಒಂದು ಕೋಟಿ ಹೊನ್ನು ಕಪ್ಪ ತೆಗೆದುಕೊಂಡಳು. ಎರಡರಲ್ಲೂ ಉಪ್ಪುಖಾರ ಹೆಚ್ಚು. ನಡುವೆ ನಿಂತ ಸಾಕ್ಷಿ ಬೀದರ ಕೋಟೆಯಲ್ಲಿದೆ: ಒಡೆದುಹೋದ ಒಂದು ಕನ್ನಡ ಶಾಸನ. ಅದು ಸಿಂದ ಮನೆತನದ ಭೈರವನೆಂಬ ದಂಡನಾಯಕ ರುದ್ರಮೆಯ ದಂಡಯಾತ್ರೆಗಳಲ್ಲಿ ಜೊತೆಗಿದ್ದುದನ್ನು ಹೇಳುತ್ತದೆ. ಸೇವುಣರ ಎದೆಯ ಮೇಲಿದ್ದ ಬೀದರದಲ್ಲಿ, ಕನ್ನಡದಲ್ಲಿ, ಕಾಕತೀಯ ರಾಣಿಯ ಸೇನಾನಿಯ ಹೆಸರಿರುವ ಕಲ್ಲು ನಿಲ್ಲಬೇಕಾದರೆ ಆ ಕಡೆ ಆಕೆಯ ಕೈ ಮೇಲಾಗಿತ್ತೆಂದೇ ಅರ್ಥ. ಹೇಮಾದ್ರಿಯ ಸಾಲನ್ನು ಇದರ ಪಕ್ಕ ಇಟ್ಟು ಓದಿದರೆ ಇನ್ನೊಂದು ಅಂಶ ಹೊಳೆಯುತ್ತದೆ. ಗೆಲುವು ಅರ್ಧವಾದಾಗ ಮುಖ ಉಳಿಸಿಕೊಳ್ಳಲು ಸ್ತ್ರೀಹತ್ಯೆಯ ದೋಷ ಅನುಕೂಲವಾಗಿ ನೆನಪಿಗೆ ಬಂದಿದೆ. ಅಂದರೆ ಎದುರಾಳಿ ಹೆಣ್ಣು ಎಂಬುದು ಎಲ್ಲರಿಗೂ ಗೊತ್ತಿತ್ತು, ಅದಕ್ಕೆ ರಾಜಕೀಯ ಬೆಲೆಯೂ ಇತ್ತು. ಗಂಡು ಹೆಸರು ಧರಿಸಬೇಕಾಗಿ ಬಂದದ್ದು, ‘ಬಿಟ್ಟುಬಿಟ್ಟೆ’ ಎಂದು ಶತ್ರು ಕೊಚ್ಚಿಕೊಳ್ಳುವುದು, ಈ ಬೆಲೆಯನ್ನು ಯಾವ ಆಟ ಲೆಕ್ಕಕ್ಕೆ ತೆಗೆದುಕೊಂಡಿದೆ? ಹೆಂಗಸರನ್ನು ಸುಮ್ಮನೆ ಗಂಡಸರ ಪಟ್ಟಿಗೆ ಸೇರಿಸಿ ಸಮಾನವೆಂದು ಬಿಟ್ಟರೆ ಅಳಿಸಿಹೋಗುವುದು ಇದೇ.

ಎರಡನೆಯ ಆಕ್ಷೇಪ: ಇವರೆಲ್ಲ ರಾಜಮನೆತನದವರು, ಬೆರಳೆಣಿಕೆಯವರು, ಸಾಲಿನಲ್ಲಿ ನಿಂತು ಕಾದಾಡಿದ ಹೆಂಗಸರೆಲ್ಲಿ? ಇದಕ್ಕೆ ವೀರಗಲ್ಲುಗಳ ಹತ್ತಿರ ಹೋಗಬೇಕು, ಮತ್ತು ಅಲ್ಲಿ ಸಿಗುವ ಉತ್ತರ ಆಕ್ಷೇಪಿಸುವವರ ಕಡೆಗೇ ಹೆಚ್ಚು ವಾಲುತ್ತದೆ ಎಂದು ಪ್ರಾಮಾಣಿಕವಾಗಿ ಒಪ್ಪಬೇಕು. ಕನ್ನಡ ನಾಡಿನಲ್ಲಿ ನಿಂತಿರುವ ಸಾವಿರಾರು ವೀರಗಲ್ಲುಗಳಲ್ಲಿ ಕಾದಿ ಸತ್ತವರು ಹೆಚ್ಚುಕಡಿಮೆ ಎಲ್ಲರೂ ಗಂಡಸರೇ. ತುರುಗೋಳು, ಊರಳಿವು, ಪೆಣ್ಬುಯ್ಯಲು ಎಂದು ಸಾವಿನ ಬಗೆಗಳನ್ನು ಹೆಸರಿಸುವಾಗ ದನ, ಊರು, ಹೆಣ್ಣು ಮೂರೂ ಕಾಯಬೇಕಾದ ವಸ್ತುಗಳ ಸಾಲಿಗೆ ಬರುತ್ತವೆ. ಕಲ್ಲಿನ ಕೆಳಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಹೊತ್ತೊಯ್ಯುವ ದೇವಾಂಗನೆಯರು, ತುದಿಯಲ್ಲಿ ಕೈಲಾಸ. ಹೆಣ್ಣು ಬರುವುದು ಮೇಲಿನ ಪಟ್ಟಿಕೆಯಲ್ಲಿ, ಚಾಮರ ಹಿಡಿದು. ಅವಳದೇ ಆದ ಕಲ್ಲೆಂದರೆ ಮಹಾಸತಿಕಲ್ಲು, ಬಳೆ ತೊಟ್ಟ ಎತ್ತಿದ ಕೈ. ವಿಜಯನಗರದ ಅರಮನೆಯಲ್ಲಿ ಕತ್ತಿ ಗುರಾಣಿ ಹಿಡಿದ ಹೆಂಗಸರಿದ್ದರೆಂದು ಪೋರ್ಚುಗೀಸ್ ಪ್ರವಾಸಿಗಳು ಬರೆದಿದ್ದಾರೆ; ಅದು ಅಂತಃಪುರದ ಕಾವಲು, ರಣರಂಗದ ಪಡೆಯಲ್ಲ. ಹೀಗಾಗಿ ಕಾಲಾಳುಗಳ ಸಾಲಿನಲ್ಲಿ ನಾಲ್ಕಕ್ಕೊಬ್ಬ ಹೆಣ್ಣನ್ನು ನಿಲ್ಲಿಸಿ ಇದು ಚಾಲುಕ್ಯರ ಸೈನ್ಯ ಎನ್ನುವ ಆಟ ಬಂದರೆ ಅದನ್ನು ತಪ್ಪೆನ್ನಲು ನನಗೆ ಸಂಕೋಚವಿಲ್ಲ.

ಆದರೂ ಒಂದು ಕಲ್ಲಿದೆ. ಶ್ರವಣಬೆಳಗೊಳದಲ್ಲಿ 10ನೆಯ ಶತಮಾನದ ವೀರಗಲ್ಲು, ಸಾವಿಯಬ್ಬೆ ಎಂಬ ಜೈನ ಶ್ರಾವಕಿಯದು. ಗಂಡ ಲೋಕವಿದ್ಯಾಧರನ ಜೊತೆ ಬಗೆಯೂರಿನ ಕಾಳಗಕ್ಕೆ ಹೋಗಿ ಅಲ್ಲೇ ಸತ್ತವಳು. ಶಿಲ್ಪದಲ್ಲಿ ಆಕೆ ಕುದುರೆಯ ಮೇಲಿದ್ದಾಳೆ, ಕತ್ತಿ ಎತ್ತಿದ್ದಾಳೆ. ಎದುರಿಗೆ ಆನೆಯ ಮೇಲೊಬ್ಬ ಗಂಡಸು. ಬರೆಹ ಆಕೆಯನ್ನು ಹೋಲಿಸುವುದು ಮಾತ್ರ ರೇವತಿಗೆ, ದೇವಕಿಗೆ, ಸೀತೆಗೆ, ಅರುಂಧತಿಗೆ. ಬರೆದವನ ಬಳಿ ಹೆಣ್ಣು ವೀರರಿಗೆ ಬೇರೆ ಉಪಮೆಗಳ ಗಂಟು ಇರಲಿಲ್ಲ. ಪತಿವ್ರತೆಯರ ಗಂಟನ್ನೇ ಬಿಚ್ಚಿದ. ಕೆತ್ತಿದವನು ಕಂಡದ್ದನ್ನು ಕೆತ್ತಿದ. ಸ್ವೀಡನ್ನಿನ ಬಿರ್ಕಾದಲ್ಲಿ 1878ರಲ್ಲಿ ಅಗೆದ, ಆಯುಧ ಕುದುರೆಗಳ ಸಮೇತ ಹೂಳಿದ್ದ ವೈಕಿಂಗ್ ಸಮಾಧಿಯೊಂದನ್ನು ನೂರಕ್ಕೂ ಹೆಚ್ಚು ವರ್ಷ ಗಂಡಸಿನದೆಂದೇ ನಂಬಿದ್ದರು. 2017ರಲ್ಲಿ ಮೂಳೆಯ ಡಿಎನ್‌ಎ ಪರೀಕ್ಷೆ ಹೆಣ್ಣಿನದೆಂದಿತು. ಆಯುಧ ಪಕ್ಕದಲ್ಲಿದ್ದ ಮಾತ್ರಕ್ಕೆ ಯೋಧೆಯೇ ಎಂಬ ಚರ್ಚೆ ಇನ್ನೂ ನಿಂತಿಲ್ಲ. ಸಾವಿಯಬ್ಬೆಯ ವಿಷಯದಲ್ಲಿ ಆ ತೊಡಕಿಲ್ಲ. ಹೆಸರಿದೆ, ತಂದೆ ತಾಯಿಯರ ಹೆಸರಿದೆ, ಸತ್ತ ಊರಿದೆ, ಚಿತ್ರವಿದೆ. ಆಕೆಯೂ ಸುಮ್ಮನೆ ಪಡೆ ಸೇರಿದ ಸಿಪಾಯಿಯಲ್ಲ, ಯೋಧನ ಮನೆಯ ಹೆಂಗಸು. ದಾರಿ ಇಲ್ಲೂ ಮನೆತನದ ಮೂಲಕವೇ.

ಮೂರನೆಯವಳು ಚಾಂದಬೀಬಿ. ಮಧ್ಯಯುಗ ಮುಗಿದ ಮೇಲಿನವಳಾದ್ದರಿಂದ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಅಹಮದನಗರದ ಮಗಳು, ವಿಜಯಪುರದ ಸೊಸೆ. ಎರಡೂ ಕಡೆ ಎಳೆಯ ಸುಲ್ತಾನರ ಪರವಾಗಿ ಆಡಳಿತ ನೋಡಿದವಳು. 1596ರಲ್ಲಿ ಮೊಗಲರು ಸುರಂಗ ಸಿಡಿಸಿ ಅಹಮದನಗರದ ಗೋಡೆ ಕೆಡವಿದಾಗ ಮುಸುಕು ಹಾಕಿಕೊಂಡೇ ಕತ್ತಿ ಹಿಡಿದು ಒಡಕಿಗೆ ಬಂದು ನಿಂತಳೆಂದು ವಿಜಯಪುರದ ಆಸ್ಥಾನದಲ್ಲಿದ್ದ ಫಿರಿಸ್ತಾ ಬರೆದಿದ್ದಾನೆ. ನಾಲ್ಕು ವರ್ಷದ ಮೇಲೆ, 1600ರಲ್ಲಿ, ಮೊಗಲರ ಜೊತೆ ಸಂಧಾನ ನಡೆಸಿದಳೆಂಬ ಸುದ್ದಿ ಹಬ್ಬಿ ಅವಳದೇ ಜನ ಅವಳನ್ನು ಕೊಂದರು. ಸಂಧಾನ ಮಾಡಿದ ಗಂಡಸರು ದಖ್ಖನಿನಲ್ಲಿ ಎಷ್ಟೋ ಜನ ಇದ್ದರು, ಜಹಗೀರು ಪಡೆದು ಸುಖವಾಗಿ ಬದುಕಿದರು.

ಕೊನೆಗೆ ಉಳಿಯುವ ಆಕ್ಷೇಪ, ಇದು ಆಟ ತಾನೆ, ಪಾಠಪುಸ್ತಕವಲ್ಲವಲ್ಲ ಎಂಬುದು. ಆಟವೆನ್ನುವುದು ನಿಜ. ಆದರೆ ಈ ಬಗೆಯ ಆಟಗಳು ಮಾರಾಟವಾಗುವುದೇ ಕಾರಣ–ಪರಿಣಾಮದ ಯಂತ್ರಗಳಾಗಿ: ತೆರಿಗೆ ಏರಿಸಿದರೆ ದಂಗೆ, ದವಸ ಮುಗಿದರೆ ಮುತ್ತಿಗೆ ಮುರಿಯುತ್ತದೆ, ವಾರಸುದಾರನಿಲ್ಲದೆ ಸತ್ತರೆ ರಾಜ್ಯ ಹಂಚಿಹೋಗುತ್ತದೆ. ಇಷ್ಟೆಲ್ಲಕ್ಕೂ ಕಾರಣ ಕಟ್ಟುವ ಎಂಜಿನಿಯರು ಹೆಣ್ಣು ದಂಡನಾಯಕಿಯ ವಿಷಯ ಬಂದಾಗ ಮಾತ್ರ ಲಾಟರಿ ಚೀಟಿ ಎತ್ತುವುದು ಸೋಮಾರಿತನ. 1066ರ ದಖ್ಖನನ್ನು ಕಟ್ಟುವವರು ರಾಜನ ತಂಗಿಗೆ ಒಂದು 70ರ ನಾಡು ಕೊಡಲಿ. ಕೊಡುವುದೋ ಬಿಡುವುದೋ ಆಟಗಾರನ ಆಯ್ಕೆಯಾಗಿರಲಿ. ನಾಡಿನ ಜೊತೆ ಬಸದಿಗಳ, ಅಗ್ರಹಾರಗಳ ಬೆಂಬಲವೂ ಗಾವುಂಡರ ಗೊಣಗಾಟವೂ ಬರಲಿ. ಪಕ್ಕದ ಕೋಟೆ ತಿರುಗಿಬಿದ್ದ ದಿನ ಆಕೆಗೆ ಐವತ್ತು ದಾಟಿರಲಿ. ಗೋಕಾಕ ಬಿತ್ತೋ ಉಳಿಯಿತೋ ಅರಸಿಬೀಡಿಯ ಕಲ್ಲು ಹೇಳುವಂತಿಲ್ಲ. ಅದನ್ನು ಬರೆಸಿದ ದಿನ ದಂಡು ಇನ್ನೂ ಕೋಟೆಯ ಸುತ್ತಲೇ ಇತ್ತು, ಅಕ್ಕಾದೇವಿ ಬೀಡಿನಲ್ಲಿ ಕುಳಿತು ಊರಿನ ಬಸದಿಯ ಖರ್ಚಿನ ಪತ್ರ ಮುಗಿಸುತ್ತಿದ್ದಳು.